ಒಂದು ಫೋಲ್ಡರ್, ಎರಡು ಕಂಪ್ಯೂಟರ್

ಮನೆಯಲ್ಲೋ ಲ್ಯಾಬಿನಲ್ಲೋ ಎರಡು ಲಿನಕ್ಸ್ ಕಂಪ್ಯೂಟರ್‌ಗಳಿವೆ ಎನ್ನಿ. ಒಂದರಲ್ಲಿರುವ ಪಾಠದ ಫೋಲ್ಡರ್ ಇನ್ನೊಂದರಲ್ಲೂ ತೆರೆಯಬೇಕು. ಪ್ರತಿಸಲ ಪೆನ್‌ಡ್ರೈವ್ ಹಿಡಿದು ಓಡಾಡುವುದು ಬೇಡ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಇರುವುದು ಇದಕ್ಕೇ. ನಡುವೆ ವಿಂಡೋಸ್ ಯಂತ್ರಗಳೂ ಇದ್ದರೆ ಸಾಂಬಾ ವಾಸಿ. ಅದು ಇನ್ನೊಂದು ದಿನದ ಪಾಠ.

ಫೋಲ್ಡರ್ ಕೊಡುವ ಯಂತ್ರ ಸರ್ವರ್, ಪಡೆಯುವುದು ಕ್ಲೈಂಟ್. ಸರ್ವರಿನಲ್ಲಿ ಎನ್‌ಎಫ್‌ಎಸ್ ಪ್ಯಾಕೇಜ್ ಹಾಕಿಕೊಂಡು, 'ಇಟಿಸಿ' ಡೈರೆಕ್ಟರಿಯ 'ಎಕ್ಸ್‌ಪೋರ್ಟ್ಸ್' ಫೈಲಿನಲ್ಲಿ ಒಂದು ಸಾಲು ಬರೆಯಿರಿ: ಮೊದಲು ಫೋಲ್ಡರಿನ ಪಾತ್, ಒಂದು ಸ್ಪೇಸ್, ಆಮೇಲೆ ಕ್ಲೈಂಟಿನ ಐಪಿ ವಿಳಾಸ, ಅದಕ್ಕೆ ಅಂಟಿಕೊಂಡಂತೆ ಕಂಸದೊಳಗೆ 'ಆರ್‌ಡಬ್ಲ್ಯೂ', ಅಂದರೆ ಓದಲೂ ಬರೆಯಲೂ ಅನುಮತಿ. 'ಅಂಟಿಕೊಂಡಂತೆ' ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ವಿಳಾಸಕ್ಕೂ ಕಂಸಕ್ಕೂ ನಡುವೆ ಸ್ಪೇಸ್ ಬಿದ್ದರೆ ಬರೆಯುವ ಅನುಮತಿ ನಿಮ್ಮ ಕ್ಲೈಂಟಿಗೆ ತಪ್ಪಿ, ಉಳಿದ ಯಂತ್ರಗಳಿಗೆಲ್ಲ ಸಿಕ್ಕಿಬಿಡುತ್ತದೆ! ಸಾಲು ಬರೆದು 'ಎಕ್ಸ್‌ಪೋರ್ಟ್‌ಎಫ್‌ಎಸ್' ಕಮಾಂಡ್ ಕೊಟ್ಟು ಪಟ್ಟಿಯನ್ನು ಮತ್ತೆ ಓದಿಸಿ. ಬಳಿಕ ಕ್ಲೈಂಟಿನಲ್ಲಿ ಖಾಲಿ ಫೋಲ್ಡರ್ ಮಾಡಿಕೊಂಡು ಅದರ ಮೇಲೆ ಮೌಂಟ್ ಮಾಡಿ.

ಆಗಲಿಲ್ಲವೇ? ಗಾಬರಿ ಬೇಡ, ಪರದೆಯ ಮೇಲೆ ಬಂದ ಸಂದೇಶ ಓದಿ. 'ಟೈಮ್ಡ್ ಔಟ್' ಎಂದಿದ್ದರೆ ನೀವಿನ್ನೂ ಸರ್ವರನ್ನು ಮುಟ್ಟಿಲ್ಲ: ಪಿಂಗ್ ಮಾಡಿ ನೋಡಿ, ಫೈರ್‌ವಾಲ್‌ನಲ್ಲಿ 2049ನೇ ಪೋರ್ಟ್ ತೆರೆದಿದೆಯೇ ನೋಡಿ. 'ಆಕ್ಸೆಸ್ ಡಿನೈಡ್ ಬೈ ಸರ್ವರ್' ಎಂದರೆ ಸರ್ವರ್ ಸಿಕ್ಕಿದೆ, ಆದರೆ ಒಳಗೆ ಬಿಡುತ್ತಿಲ್ಲ: ಎಕ್ಸ್‌ಪೋರ್ಟ್ಸ್ ಸಾಲಿನ ಪಾತ್, ವಿಳಾಸ ತಾಳೆ ನೋಡಿ.

ಹೊಸಬರು ಹೆಚ್ಚು ತಬ್ಬಿಬ್ಬಾಗುವುದು ಮೂರನೆಯದರಲ್ಲಿ. ಮೌಂಟ್ ಆಗಿದೆ, ಫೈಲುಗಳು ಕಾಣುತ್ತಿವೆ, ಬರೆಯಹೋದರೆ 'ಪರ್ಮಿಷನ್ ಡಿನೈಡ್'. ಎರಡೂ ಕಡೆ ಲಾಗಿನ್ ಹೆಸರು ಒಂದೇ ಅಲ್ಲವೇ ಎನ್ನುತ್ತೀರಿ. ನಾವು ಮೇಷ್ಟ್ರುಗಳು ಹಾಜರಿ ಕೂಗುವಾಗ ರೋಲ್ ನಂಬರ್ ನೋಡುವ ಹಾಗೆ, ಸಾಮಾನ್ಯ ಸೆಟಪ್ಪಿನಲ್ಲಿ ಎನ್‌ಎಫ್‌ಎಸ್ ನೋಡುವುದು ಬಳಕೆದಾರರ ನಂಬರನ್ನು, ಅಂದರೆ ಯುಐಡಿಯನ್ನು. ಎರಡೂ ಯಂತ್ರಗಳಲ್ಲಿ 'ಐಡಿ' ಎಂದು ಟೈಪಿಸಿ. ಒಂದು ಕಡೆ 1000, ಇನ್ನೊಂದು ಕಡೆ 1001 ಇದ್ದರೆ ಸರ್ವರಿನ ಪಾಲಿಗೆ ನೀವು ಬೇರೆ ಯಾರೋ.

ಸುಡೋ ಹಾಕಿದರೂ ಸಾಮಾನ್ಯವಾಗಿ ಬಗ್ಗದು. ಕ್ಲೈಂಟಿನ ರೂಟನ್ನು ಸರ್ವರ್ ಅನಾಮಿಕ ಬಳಕೆದಾರನಂತೆಯೇ ಕಾಣುತ್ತದೆ. ಬೇಸತ್ತು 777 ಪರ್ಮಿಷನ್ ಕೊಟ್ಟು ಎಲ್ಲರಿಗೂ ಬಾಗಿಲು ತೆರೆದಿಡಬೇಡಿ. ಎರಡೂ ಕಡೆ ಯುಐಡಿ ಒಂದೇ ಮಾಡಿ, ಕ್ಲೈಂಟಿನಿಂದ ಒಂದು ಖಾಲಿ ಫೈಲ್ ಸೇವ್ ಮಾಡಿ. ಸರ್ವರಿನಲ್ಲಿ ಅದು ನಿಮ್ಮ ಹೆಸರಿನಲ್ಲೇ ಕಂಡರೆ ಪೆನ್‌ಡ್ರೈವ್ ಎತ್ತಿಡಬಹುದು.