ಕಡಿಮೆ ಬೆಲೆಯ ವಿಷುವಲ್ ನಾವೆಲ್: ಆಟದ ಖರ್ಚೋ ಪುಸ್ತಕದ ಖರ್ಚೋ

ವಿಷುವಲ್ ನಾವೆಲ್ ಎಂದರೆ ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯ ಮೇಲೆ ಓದುವ ಚಿತ್ರಸಹಿತ ಕಥೆ: ಹಿನ್ನೆಲೆಯಲ್ಲಿ ಒಂದು ಚಿತ್ರ, ಅದರ ಮುಂದೆ ಒಂದೆರಡು ಪಾತ್ರಗಳು, ಕೆಳಗಿನ ಚೌಕದಲ್ಲಿ ಸಾಲುಸಾಲಾಗಿ ಮೂಡುವ ಮಾತು, ಜೊತೆಗೆ ಸಂಗೀತ, ಮತ್ತು ಕಥೆ ಕವಲೊಡೆಯುವ ಜಾಗಗಳಲ್ಲಿ ಓದುಗನ ಮುಂದೆ ಬರುವ ಎರಡು ಮೂರು ಆಯ್ಕೆಗಳು. ಜಪಾನಿನಲ್ಲಿ ಬೆಳೆದ ಈ ಪ್ರಕಾರದಲ್ಲಿ 2009ರ ಸ್ಟೈನ್ಸ್ ಗೇಟ್‌ನಂತಹ ದೊಡ್ಡ ಕೃತಿಗಳಿಗೆ ವೃತ್ತಿಪರ ಧ್ವನಿನಟರ ಬಳಗವೇ ಇರುತ್ತದೆ. ಒಬ್ಬರೋ ಇಬ್ಬರೋ ಸೇರಿ ಸಿದ್ಧಪಡಿಸುವ ಅಲ್ಪ ಬಂಡವಾಳದ ಕೃತಿಗಳಲ್ಲಾದರೋ ಧ್ವನಿಯ ಬದಲು ಬರಹವಷ್ಟೇ ಇದ್ದು, ಹಿನ್ನೆಲೆಗೆ ಸಿದ್ಧ ಚಿತ್ರಗಳನ್ನೋ ಛಾಯಾಚಿತ್ರಗಳನ್ನೋ ಬಳಸಿಕೊಂಡಿರುವುದೇ ಹೆಚ್ಚು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯು 2015ರ ನವೆಂಬರಿನಿಂದ ಭಾರತದಲ್ಲಿ ರೂಪಾಯಿಯಲ್ಲೇ ಬೆಲೆ ನಮೂದಿಸುತ್ತಿದ್ದು, ಅಲ್ಲಿ ಇಂಥವು ಸಾಮಾನ್ಯವಾಗಿ 100ರಿಂದ 500 ರೂಪಾಯಿಗಳ ಆಸುಪಾಸಿನಲ್ಲಿ, ಅಂದರೆ ಒಂದು ಕನ್ನಡ ಕಾದಂಬರಿಯ ಬೆಲೆಗೆ ದೊರೆಯುತ್ತವೆ. ಆಟವೆಂದು ಭಾವಿಸಿ ಇವಕ್ಕೆ ಹಣ ಕೊಡುವುದು ಸರಿಯೇ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಓದುಗರಿಗೆ ಈ ಪ್ರಶ್ನೆಯೊಡನೆ ಇನ್ನೊಂದು ಲೆಕ್ಕವೂ ಅಂಟಿಕೊಂಡಿದೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೊದಲೆರಡು ಊರುಗಳು ಬೀದರ ಜಿಲ್ಲೆಗೂ ಮೂರನೆಯದು ಗುಲ್ಬರ್ಗ ಜಿಲ್ಲೆಗೂ ಸೇರಿದ್ದವು. ಇಂದು ಅವು ತೆಲಂಗಾಣದ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳಲ್ಲಿವೆ. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತೆಲುಗನ್ನೋ ಇಂಗ್ಲಿಷನ್ನೋ ಪೇಟೆಯಲ್ಲಿ ದಖನಿಯನ್ನೂ ಬಳಸುವ ಇಲ್ಲಿಯ ಕುಟುಂಬವೊಂದು ಹೊಸ ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕೆಂದರೆ ಬೀದರಿಗೋ ಕಲಬುರಗಿಗೋ ಹೋಗಬೇಕಾಗುವುದರಿಂದ, ಬಸ್ ಚಾರ್ಜನ್ನೂ ಪುಸ್ತಕದ ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಬೇಕಾಗುತ್ತದೆ. ವಿಷುವಲ್ ನಾವೆಲ್‌ಗೆ ಆ ಖರ್ಚಿಲ್ಲ. ಅದಕ್ಕಿಂತ ಮುಖ್ಯವಾಗಿ, ಹತ್ತಾರು ಸಾವಿರ ರೂಪಾಯಿ ಬೇಡುವ ಗ್ರಾಫಿಕ್ಸ್ ಕಾರ್ಡ್, ಅಂದರೆ ಚಲಿಸುವ ದೃಶ್ಯಗಳನ್ನು ವೇಗವಾಗಿ ಮೂಡಿಸುವ ಪ್ರತ್ಯೇಕ ಯಂತ್ರಭಾಗ, ಇದಕ್ಕೆ ಬೇಕಿಲ್ಲ. ಮಕ್ಕಳ ಓದಿಗೆಂದು ತಂದ ಹಳೆಯ ಲ್ಯಾಪ್‌ಟಾಪಿನಲ್ಲೇ ಅದು ನಡೆಯುತ್ತದೆ. ಆಟದ ಹವ್ಯಾಸದಲ್ಲಿ ನಿಜವಾದ ಖರ್ಚು ಆಟದ ಬೆಲೆಯಲ್ಲಲ್ಲ, ಅದನ್ನು ನಡೆಸುವ ಯಂತ್ರದಲ್ಲಿದೆ ಎಂಬುದನ್ನು ನೆನೆದರೆ ಈ ಉಳಿತಾಯ ಸಣ್ಣದಲ್ಲ.

ಬೆಲೆಯನ್ನು ಗಂಟೆಗಳಿಂದ ಭಾಗಿಸಿ ನೋಡುವ ರೂಢಿ ಆಟ ಕೊಳ್ಳುವವರಲ್ಲಿ ಬಲವಾಗಿದೆ: 300 ರೂಪಾಯಿಯ ಆಟ ಮೂರು ಗಂಟೆಯಲ್ಲಿ ಮುಗಿದರೆ ಗಂಟೆಗೆ 100 ರೂಪಾಯಿ, ಮೂವತ್ತು ಗಂಟೆ ನಡೆದರೆ ಗಂಟೆಗೆ 10 ರೂಪಾಯಿ, ಆದ್ದರಿಂದ ಎರಡನೆಯದೇ ಲಾಭ ಎಂಬ ವಾದವಿದು. ಕ್ರಿಕೆಟ್ ಅಥವಾ ಕಾರ್ ರೇಸಿನ ಆಟಗಳಿಗೆ ಈ ಅಳತೆ ಹೊಂದಬಹುದು, ಕಥೆಗೆ ಹೊಂದುವುದಿಲ್ಲ. ದಪ್ಪನೆಯ ಕಾದಂಬರಿಯನ್ನು ತೂಕ ನೋಡಿ ಯಾರೂ ಕೊಳ್ಳುವುದಿಲ್ಲ. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಕಥೆಯನ್ನು ಅಡುಗೆಯ ಮೂಲಕ ಹೇಳುವ ವೆಣ್ಬಾ ಎಂಬ 2023ರ ಆಟ ಒಂದೇ ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು, ಆದರೂ 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಚೊಚ್ಚಲ ಆಟದ ಪ್ರಶಸ್ತಿ ಬಂತು. ಅದು ಕಟ್ಟುನಿಟ್ಟಾಗಿ ವಿಷುವಲ್ ನಾವೆಲ್ ಅಲ್ಲದಿದ್ದರೂ, ತಾಯಿನುಡಿ ಮಗನ ನಾಲಗೆಯಿಂದ ಜಾರಿಹೋಗುವುದನ್ನು ಕಂಡ ಗಡಿನಾಡಿನ ಯಾವ ತಾಯಿಯೂ ಅದನ್ನು ಗಂಟೆಗಳಲ್ಲಿ ಅಳೆಯಲಾರಳು.

ಬೆಲೆಗೂ ಗುಣಕ್ಕೂ ಈ ಪ್ರಕಾರದಲ್ಲಿ ನೇರ ಸಂಬಂಧವಿಲ್ಲ ಎಂಬುದಕ್ಕೆ ಉಚಿತ ಕೃತಿಗಳೇ ಸಾಕ್ಷಿ. ಸಾವಿನ ಸಮೀಪದಲ್ಲಿರುವ ಇಬ್ಬರು ರೋಗಿಗಳು ಕಾರಿನಲ್ಲಿ ಹೊರಟುಹೋಗುವ ಕಥೆಯಾದ 2005ರ ನಾರ್ಸಿಸ್ಸು, ಪರದೆಯ ಕಿರಿದಾದ ಪಟ್ಟಿಯೊಂದನ್ನಷ್ಟೇ ಚಿತ್ರಕ್ಕೆ ಬಿಟ್ಟು ಉಳಿದ ಭಾರವನ್ನು ಮಾತಿನ ಮೇಲೆ ಹೊರಿಸುತ್ತದೆ. ಬಂಡವಾಳದ ಕೊರತೆಯೇ ಅಲ್ಲಿ ಶೈಲಿಯಾಗಿದೆ. ಅಂಗವಿಕಲ ವಿದ್ಯಾರ್ಥಿಗಳ ಶಾಲೆಯೊಂದರಲ್ಲಿ ನಡೆಯುವ 2012ರ ಕತಾವಾ ಶೋಜೊ, ಪ್ರಕಾರದ ಸಿದ್ಧಸೂತ್ರಗಳನ್ನೇ ಒಡೆಯುವ 2017ರ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಇವೆರಡೂ ಉಚಿತವೇ. ಆದರೆ ಮೊದಲನೆಯದರಲ್ಲಿ ವಯಸ್ಕರಿಗೆ ಮಾತ್ರ ಸಲ್ಲುವ ದೃಶ್ಯಗಳಿವೆ, ಎರಡನೆಯದು ಶಾಲೆಯ ಬಣ್ಣದ ಚಿತ್ರಗಳ ಹಿಂದೆ ಆತ್ಮಹತ್ಯೆಯ ವಸ್ತುವನ್ನು ಇಟ್ಟುಕೊಂಡಿದೆ. ಮುದ್ದಾದ ಮುಖಪುಟವನ್ನು ನಂಬಿ ಮಕ್ಕಳ ಕೈಗೆ ಕೊಡುವುದು ಸಲ್ಲದು. ಸ್ಟೀಮಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಅನೇಕ ವಿಷುವಲ್ ನಾವೆಲ್‌ಗಳ ಬಂಡವಾಳ ಅಶ್ಲೀಲ ಚಿತ್ರಗಳೇ ಆಗಿರುವುದರಿಂದ, ಹೆತ್ತವರು ಪ್ರತಿಯೊಂದರ ವಿವರಣೆಯನ್ನು ಕೊನೆಯವರೆಗೆ ಓದಿಯೇ ಮುಂದುವರಿಯಬೇಕು.

ಹಣ ಕೊಟ್ಟು ಕೊಳ್ಳುವಾಗ ಸ್ಟೀಮಿನ ಮರುಪಾವತಿ ನಿಯಮ ತಿಳಿದಿರಬೇಕು: ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಯಾವುದೇ ಇದ್ದರೂ ಹಣ ಮರಳಿ ಕೇಳಬಹುದು. ಆಟವನ್ನು ತೆರೆದಿಟ್ಟು ಅಡುಗೆಮನೆಗೆ ಹೋದ ಹೊತ್ತೂ ಆ ಎರಡು ಗಂಟೆಯಲ್ಲಿ ಸೇರುತ್ತದೆ. ಈ ಕೃತಿಗಳ ಭಾಷೆ ಬಹುತೇಕ ಇಂಗ್ಲಿಷ್ ಆಗಿರುವುದರಿಂದ, ನಿಧಾನವಾಗಿ ಓದುವವರಿಗೆ ಎರಡು ಗಂಟೆಯಲ್ಲಿ ಪೀಠಿಕೆಯಷ್ಟೇ ಮುಗಿದಿರುತ್ತದೆ. ಆದ್ದರಿಂದ ಈ ಅಂಕಣ ಬರೆಯುವವರು ಪಾಲಿಸಿಕೊಂಡು ಬಂದಿರುವ ಕ್ರಮವೆಂದರೆ, ಮೊದಲು ಉಚಿತ ಮಾದರಿ ಇದ್ದರೆ ಅದನ್ನು ಓದುವುದು, ಮೊದಲ ಅರ್ಧ ಗಂಟೆಯಲ್ಲಿ ವಾಕ್ಯ ಹಿಡಿದಿಡದಿದ್ದರೆ ಅಲ್ಲಿಗೇ ನಿಲ್ಲಿಸುವುದು, ರಿಯಾಯಿತಿಯ ಹಬ್ಬಗಳಲ್ಲಿ ಕಟ್ಟುಗಟ್ಟಲೆ ಕೊಳ್ಳದೆ ಓದುತ್ತಿರುವುದು ಮುಗಿದ ಮೇಲೆ ಮತ್ತೊಂದಕ್ಕೆ ಕೈಹಾಕುವುದು. 79 ರೂಪಾಯಿಗೆ ಸಿಕ್ಕಿತೆಂದು ಕೊಂಡು ತೆರೆಯದೆ ಬಿಟ್ಟ ಕಥೆಯೇ ಎಲ್ಲಕ್ಕಿಂತ ದುಬಾರಿ.

ಇನ್ನೊಂದು ಅಂಶ ಮನೆಯ ಲೆಕ್ಕ ಬರೆಯುವವರು ಮರೆಯಬಾರದ್ದು. ಸ್ಟೀಮಿನಲ್ಲಿ ಕೊಟ್ಟ ಹಣಕ್ಕೆ ಸಿಗುವುದು ವಸ್ತುವಲ್ಲ, ಬಳಸುವ ಪರವಾನಗಿ. 2024ರಿಂದ ಆ ಅಂಗಡಿಯೇ ಹಣ ಪಾವತಿಸುವ ಪುಟದಲ್ಲಿ ಈ ಮಾತನ್ನು ಬರೆದು ತೋರಿಸುತ್ತಿದೆ. ಪುಸ್ತಕವನ್ನಾದರೆ ಓದಿ ಮಾರಬಹುದು, ಶಾಲೆಗೆ ದಾನ ಕೊಡಬಹುದು, ಇದನ್ನು ಮಾರಲಾಗದು. ಒಂದೇ ಮನೆಯ ಆರು ಮಂದಿಯವರೆಗೆ ಆಟಗಳನ್ನು ಹಂಚಿಕೊಳ್ಳುವ ಕುಟುಂಬ ಸೌಲಭ್ಯ ಅಲ್ಲಿ ಇರುವುದು ಸ್ವಲ್ಪ ಸಮಾಧಾನ.

ಇಷ್ಟಾದ ಮೇಲೆ, ಆಟವಾಗಿ ಇವು ಕೊಳ್ಳತಕ್ಕವೇ? ಕೈಚಳಕ, ಗೆಲುವು, ಮತ್ತೆ ಮತ್ತೆ ಆಡುವ ಉತ್ಸಾಹ ಇವನ್ನು ಬಯಸುವವರಿಗೆ ಅಲ್ಲ ಎಂಬುದೇ ನೇರ ಉತ್ತರ. ಕಡಿಮೆ ಬಂಡವಾಳದ ಕೃತಿಗಳಲ್ಲಿ ಆಯ್ಕೆಗಳು ಹಲವು ಸಲ ಮುಂದಿನ ಒಂದು ಸಾಲನ್ನು ಮಾತ್ರ ಬದಲಿಸುತ್ತವೆ, ಏಕೆಂದರೆ ಒಂದೊಂದು ಕವಲಿಗೂ ಬರೆಯುವವನು ಬೇರೆಯೇ ಕಥೆ ಬರೆಯಬೇಕು, ಆ ಶ್ರಮಕ್ಕೆ ಅವನ ಬಳಿ ಹಣವಿಲ್ಲ. ಆಯ್ಕೆಯೇ ಇಲ್ಲದ, ಪುಟ ತಿರುಗಿಸಿದಂತೆ ಸಾಗುವ ಕೈನೆಟಿಕ್ ನಾವೆಲ್ ಎಂಬ ಉಪಪ್ರಕಾರವೂ ಇದೆ. ಈ ಅಂಕಣ ಬರೆಯುವವರ ಮನೆಯ ಖಾತೆಯಲ್ಲಿ ಈ ಖರ್ಚು ಮನರಂಜನೆಯ ಕೆಳಗೆ ಬರುವುದಿಲ್ಲ, ಪುಸ್ತಕದ ಕೆಳಗೆ ಬರುತ್ತದೆ, ಮತ್ತು ಅದೇ ಕಥೆಯನ್ನು ಅಚ್ಚಿನಲ್ಲಿ ಅದೇ ಬೆಲೆಗೆ ಕೊಳ್ಳಲು ಮನಸ್ಸು ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಒಪ್ಪಿಗೆ ಸಿಕ್ಕರೆ ಮಾತ್ರ ಹಣ ಹೊರಡುತ್ತದೆ.

ಕನ್ನಡದಲ್ಲಿ ಇಂತಹ ಕೃತಿ ಕಟ್ಟುವುದಕ್ಕೆ ಹಣದ ಅಡ್ಡಿ ಬಹಳ ಕಡಿಮೆ. 2004ರಲ್ಲಿ ಮೊದಲು ಹೊರಬಂದ, ಕತಾವಾ ಶೋಜೊ ಮತ್ತು ಡೋಕಿ ಡೋಕಿ ಎರಡಕ್ಕೂ ಆಧಾರವಾದ ರೆನ್‌ಪೈ ಎಂಬ ತಯಾರಿಕಾ ತಂತ್ರಾಂಶ ಉಚಿತವಾಗಿದ್ದು, ಅದರಿಂದ ಮಾಡಿದ್ದನ್ನು ಮಾರಿದರೂ ಶುಲ್ಕ ಕೊಡಬೇಕಿಲ್ಲ. ಅದರ ಈಚಿನ ಆವೃತ್ತಿಗಳು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಸಾಧನವನ್ನು ಅಳವಡಿಸಿಕೊಂಡಿರುವುದರಿಂದ, ಒತ್ತಕ್ಷರಗಳು ಚದುರದೆ ಕೂಡಿಕೊಳ್ಳುವ ದಾರಿಯೂ ತೆರೆದಿದೆ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಎಂಬ ಪುಸ್ತಕ ಪ್ರಕಾಶನ ಚಂದಾದಾರರ ಬಲದಿಂದಲೇ ನೆಲೆನಿಂತದ್ದನ್ನು ಕನ್ನಡ ಓದುಗರು ಬಲ್ಲರು; ಕನ್ನಡದ ವಿಷುವಲ್ ನಾವೆಲ್‌ಗೂ ಬೇಕಾದದ್ದು ಓದುಗರ ಅಂತಹ ಬಲವೇ. ಜಹೀರಾಬಾದಿನ ಕಬ್ಬಿನ ಗದ್ದೆಯನ್ನೋ ತಾಂಡೂರಿನ ನೀಲಿ ಕಲ್ಲಿನ ಗಣಿಯನ್ನೋ ಹಿನ್ನೆಲೆಯಾಗಿಟ್ಟು, ಈ ಭಾಗದ ಮಾತಿನಲ್ಲೇ ಯಾರಾದರೂ ಅಂತಹ ಕೃತಿಯೊಂದನ್ನು ಬರೆದು ಮಾರಾಟಕ್ಕಿಟ್ಟರೆ, ಓದುಗರು ರಿಯಾಯಿತಿಯ ದಿನಕ್ಕಾಗಿ ಕಾಯದೆ ಪೂರ್ಣ ಬೆಲೆ ಕೊಟ್ಟು ಕೊಳ್ಳಬೇಕು.