ಅಳಿಯಾ, ಬಕೆಟ್ಟಿನ ಕೆಳಗೆ ಒಬ್ಬ ಕೂತಿದ್ದಾನೆ

ಅಳಿಯಾ,

ನಿನ್ನೆ ರಾತ್ರಿ ನೀನು ಫೋನ್ ಮಾಡಿ "ಮಾವ, ಸೀಟು ಸಿಕ್ತು" ಅಂದಾಗ ನನಗೆ ಗಂಟಲು ಕಟ್ಟಿತು. ಎರಡು ವರ್ಷ ಹೆಲ್ಪರ್ ಆಗಿ ಪಿನ್ನುಗಳಿಗೆ ಗ್ರೀಸ್ ಹೊಡೆದೆ, ಚೈನಿನ ಸಂದಿಯ ಕೆಸರು ಕೆರೆದೆ, ಡೀಸೆಲ್ ಕ್ಯಾನು ಹೊತ್ತೆ. ಇನ್ನು ಮುಂದೆ ಎಕ್ಸ್‌ಕವೇಟರಿನ ಲಿವರ್ ನಿನ್ನ ಕೈಯಲ್ಲಿ. ನಮ್ಮಕ್ಕ ಪಕ್ಕದಲ್ಲೇ ಕೂತು ಅಳುತ್ತಿದ್ದಳು ಅಂತ ಕಾಣುತ್ತದೆ, ದನಿ ಕೇಳಿಸಿತು. ಆಗ ಹೆಚ್ಚು ಮಾತಾಡಲಾಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಸಂಡೂರಿನ ಗುಡ್ಡದ ಗಣಿಗಳಲ್ಲಿ, ಆಮೇಲೆ ಗದಗ ಕಡೆಯ ರಸ್ತೆ ಕೆಲಸಗಳಲ್ಲಿ, ಒಟ್ಟು ಮೂವತ್ತು ವರ್ಷ ನಾನು ಇದೇ ಸೀಟಿನಲ್ಲಿ ಕೂತವನು. ಮಣ್ಣು ತೋಡುವುದು ಆರು ತಿಂಗಳಲ್ಲಿ ನಿನ್ನ ಕೈಗೆ ತಾನೇ ಹತ್ತುತ್ತದೆ. ಅದಕ್ಕೆ ನನ್ನ ಮಾತು ಬೇಕಿಲ್ಲ. ಟಿಪ್ಪರ್ ತುಂಬುವ ಕೆಲಸ ಹಾಗಲ್ಲ. ನಿನ್ನ ಬಕೆಟ್ಟಿನ ಕೆಳಗೆ ಒಬ್ಬ ಡ್ರೈವರ್ ಕೂತಿರುತ್ತಾನೆ. ಬೆನ್ನ ಹಿಂದೆ, ತಲೆಯ ಮೇಲೆ ಏನು ನಡೆಯುತ್ತಿದೆ ಎಂದು ಅವನಿಗೆ ಕಾಣುವುದಿಲ್ಲ. ನಿನಗೆ ಕಾಣುತ್ತದೆ. ಆ ಒಬ್ಬನನ್ನು ಕಣ್ಣಲ್ಲಿ ಇಟ್ಟುಕೊಂಡೇ ಇದನ್ನು ಓದು.

ಮೊದಲು ನಿಲ್ಲುವ ಜಾಗ. ಹೊಸಬರು ಕೀಲಿ ತಿರುಗಿಸಿದ ಕೂಡಲೇ ಬಕೆಟ್ ಊರುತ್ತಾರೆ. ನೀನು ಹಾಗೆ ಮಾಡಬೇಡ. ಇಳಿದು ಒಂದು ಸುತ್ತು ನಡೆದು ನೋಡು. ಮಷಿನ್ ನಿಲ್ಲುವ ಮೆಟ್ಟಿಲಿನ, ಅಂದರೆ ಬೆಂಚಿನ ಅಂಚಿನಲ್ಲಿ ಬಿರುಕು ಬಿಟ್ಟಿದೆಯಾ, ರಾತ್ರಿ ಮಳೆ ಬಿದ್ದು ನೀರು ಇಳಿದಿದೆಯಾ, ಮೇಲೆ ವೈರು ಹಾದಿದೆಯಾ. ಮಷಿನ್ ಮೇಲೆ, ಟಿಪ್ಪರ್ ಕೆಳಗೆ ಇರಲಿ. ನಿನ್ನದು 20 ಟನ್ನಿನ ಮಷಿನ್, ಅದರ ಆರ್ಮ್ ಸುಮಾರು 3 ಮೀಟರ್ ಉದ್ದ. ಬೆಂಚೂ ಹೆಚ್ಚುಕಡಿಮೆ ಅಷ್ಟೇ ಎತ್ತರ ಇದ್ದರೆ ಬಕೆಟ್ ಒಂದೇ ಎಳೆತಕ್ಕೆ ತುಂಬುತ್ತದೆ, ಟಿಪ್ಪರಿನ ಬಾಡಿಯೊಳಗಿನ ನೆಲವೂ ನಿನ್ನ ಕಣ್ಣಿಗೆ ಬೀಳುತ್ತದೆ. ನೆಲಮಟ್ಟದಲ್ಲೇ ನಿಂತು ತುಂಬಿದರೆ ಬಾಡಿಯೊಳಗೆ ಏನಾಗುತ್ತಿದೆ ಅಂತ ಊಹೆ ಮಾಡಬೇಕು, ಬೂಮ್ ಪ್ರತಿ ಸಲ ಪೂರ್ತಿ ಎತ್ತಬೇಕು.

ಚೈನುಗಳು ಅಂಚಿಗೆ ನೇರವಾಗಿ ಮುಖ ಮಾಡಿರಲಿ, ಅಡ್ಡಡ್ಡ ನಿಲ್ಲಿಸಬೇಡ. ಟ್ರಾವೆಲ್ ಮೋಟರ್ ಹಿಂಬದಿಗಿರಲಿ. ಅಂಚು ಕುಸಿಯುತ್ತಿದೆ ಅನ್ನಿಸಿದ ಕ್ಷಣ ನೀನು ಯೋಚನೆ ಮಾಡದೆ ನೇರ ಹಿಂದಕ್ಕೆ ಬರಬೇಕು. ಅಡ್ಡ ನಿಂತಿದ್ದರೆ ಮೊದಲು ತಿರುಗಬೇಕು, ತಿರುಗುವಷ್ಟು ಸಮಯ ಮಣ್ಣು ಕೊಡುವುದಿಲ್ಲ. ನಿಂತ ಜಾಗದ ಬುಡವನ್ನೇ ತೋಡಿ ಪೊಳ್ಳು ಮಾಡಿಕೊಳ್ಳಬೇಡ. ಇದು ಹೇಳಬೇಕಾ ಅಂತ ನಿನಗೆ ಅನ್ನಿಸಬಹುದು. ಅವಸರದಲ್ಲಿ ಅನುಭವಸ್ಥರೇ ಹಾಗೆ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಟಿಪ್ಪರನ್ನು ನಿನ್ನ ಎಡಕ್ಕೆ ಬರಿಸಿಕೋ. ಕ್ಯಾಬಿನ್ ಬೂಮಿನ ಎಡಗಡೆ ಇದೆ. ಎಡಕ್ಕೆ ತಿರುಗಿದರೆ ಬಾಡಿ ಪೂರ್ತಿ ಕಾಣುತ್ತದೆ. ಬಲಕ್ಕೆ ತಿರುಗಿದರೆ ನಿನ್ನ ಬೂಮೇ ನಿನಗೆ ಮರೆ. ಆರ್ಮ್ ನೆಟ್ಟಗೆ ಇಳಿಬಿಟ್ಟಾಗ ಬೂಮೂ ಆರ್ಮೂ ಸೇರುವ ಪಿನ್ನಿನ ಕೆಳಗೆ ಬಾಡಿಯ ನಿನ್ನ ಕಡೆಯ ಅಂಚು ಬರುವಂತೆ ಟಿಪ್ಪರ್ ನಿಲ್ಲಬೇಕು. ಬಕೆಟ್ಟನ್ನು ಅಲ್ಲೇ ಹಿಡಿದು ತೋರಿಸು, ಡ್ರೈವರ್ ಅದನ್ನೇ ಗುರುತು ಮಾಡಿಕೊಂಡು ರಿವರ್ಸ್ ಬರುತ್ತಾನೆ. ಬಕೆಟ್ ಅಲುಗಾಡಿಸಬೇಡ. ಜಾಗಕ್ಕೆ ಬಂದಾಗ ಒಂದು ಹಾರ್ನ್, ಲೋಡ್ ಮುಗಿದಾಗ ಎರಡು. ನಮ್ಮ ಗಣಿಯಲ್ಲಿ ಅದೇ ರೂಢಿ ಇತ್ತು. ನಿಮ್ಮಲ್ಲಿ ಬೇರೆ ಇದ್ದರೆ ಮೊದಲ ದಿನವೇ ಎಲ್ಲ ಡ್ರೈವರುಗಳ ಹತ್ತಿರ ಕೇಳಿ ಖಚಿತ ಮಾಡಿಕೋ.

ಜಾಗ ಸರಿಯಾದರೆ ವೇಗ ತಾನೇ ಬರುತ್ತದೆ. ಲಿವರ್ ಜಗ್ಗಿ ಎಳೆದರೆ ವೇಗ ಬರುವುದಿಲ್ಲ, ಪಿನ್ನು ಬುಶ್ಶು ಸವೆಯುತ್ತವೆ ಅಷ್ಟೇ. ತಿರುಗುವ ದೂರ ಕಡಿಮೆ ಮಾಡಿಕೊಂಡು ಒಂದು ಬಕೆಟ್ಟಿಗೆ 4 ಸೆಕೆಂಡು ಉಳಿಸಿದೆ ಅಂದುಕೋ. ಒಂದು ಟಿಪ್ಪರಿನ ಏಳು ಬಕೆಟ್ಟಿಗೆ 28 ಸೆಕೆಂಡಾಯಿತು. ದಿನಕ್ಕೆ 100 ಟಿಪ್ಪರ್ ತುಂಬಿದರೆ ಮುಕ್ಕಾಲು ಗಂಟೆ! ಆ ಮುಕ್ಕಾಲು ಗಂಟೆಯಲ್ಲಿ ಇಳಿದು ಬೆನ್ನು ಚಾಚು, ನೀರು ಕುಡಿ, ಬಕೆಟ್ಟಿನ ಹಲ್ಲು ಸಡಿಲ ಆಗಿದೆಯಾ ನೋಡು. ಉದುರಿದ ಹಲ್ಲು ಅದಿರಿನ ಜೊತೆ ಕ್ರಶರಿಗೆ ಹೋದರೆ ಇಡೀ ಪ್ಲಾಂಟ್ ನಿಲ್ಲುತ್ತದೆ.

ಈಗ ಮೊದಲ ಬಕೆಟ್. ಇದರಲ್ಲಿ ನಿನ್ನ ಗುಣ ಗೊತ್ತಾಗುತ್ತದೆ. ಖಾಲಿ ಬಾಡಿಗೆ ಮೊದಲು ಬೀಳುವುದು ಪುಡಿ ಇರಬೇಕು, ಸಣ್ಣದಿರಬೇಕು. ಬಕೆಟ್ಟನ್ನು ಬಾಡಿಯೊಳಗೆ ಆದಷ್ಟು ಕೆಳಕ್ಕೆ ಇಳಿಸಿ, ಮೆಲ್ಲಗೆ ಬಿಚ್ಚು, ತೊಟ್ಟಿಲಿಗೆ ಕೂಸನ್ನು ಇಳಿಸಿದ ಹಾಗೆ. ಪುಡಿಯ ಹಾಸಿಗೆ ಆದ ಮೇಲೆ ದೊಡ್ಡ ಕಲ್ಲು ಬಂದರೆ ಬಾಡಿಗೂ ಏಟಿಲ್ಲ, ಸ್ಪ್ರಿಂಗಿಗೂ ಏಟಿಲ್ಲ. ಖಾಲಿ ತಗಡಿನ ಮೇಲೆ ಎತ್ತರದಿಂದ ಕಲ್ಲು ಬಿಟ್ಟರೆ ಒಳಗೆ ಕೂತವನ ಸೊಂಟದವರೆಗೂ ಆ ಏಟು ಹೋಗುತ್ತದೆ. ದಿನಕ್ಕೆ ಎಂಟು ಹತ್ತು ಟ್ರಿಪ್ ಹೊಡೆಯುವವನು ಅವನು. ಸಾಯಂಕಾಲ ಅವನು ಸೊಂಟ ಹಿಡಿದುಕೊಂಡು ಇಳಿಯುವುದನ್ನು ನೋಡಿದರೆ ಬೆಳಗಿನಿಂದ ಯಾರ ಮಷಿನ್ ಕೆಳಗೆ ನಿಂತಿದ್ದ ಅಂತ ಹೇಳಿಬಿಡಬಹುದು.

ತುಂಬಿದ ಬಕೆಟ್ ಅವನ ಕ್ಯಾಬಿನ್ ಮೇಲೆ ಹಾಯಬಾರದು. ಹಿಂಬದಿಯಿಂದ ಬಾ, ಪಕ್ಕದಿಂದ ಬಾ, ತಲೆಯ ಮೇಲಿಂದ ಮಾತ್ರ ಬೇಡ. ಹೈಡ್ರಾಲಿಕ್ ಪೈಪ್ ಒಡೆಯುವ ಮುಂಚೆ ನಿನ್ನನ್ನು ಕೇಳುವುದಿಲ್ಲ. ಗಣಿಯ ಡಂಪರುಗಳಿಗೆ ಬಾಡಿಯ ತಗಡೇ ಮುಂದಕ್ಕೆ ಚಾಚಿ ಕ್ಯಾಬಿನ್ನಿಗೆ ಚಪ್ಪರದ ಹಾಗೆ ಇರುತ್ತದೆ, ಡ್ರೈವರ್ ಒಳಗೇ ಕೂತಿರಲಿ. ಚಪ್ಪರ ಇಲ್ಲದ ಟಿಪ್ಪರ್ ಬಂದರೆ ಅವನು ಇಳಿದು ನಿನಗೆ ಕಾಣುವ ಕಡೆ, ಬಕೆಟ್ ತಿರುಗುವ ಸುತ್ತಿನಾಚೆ ನಿಲ್ಲಲಿ. ಅವನು ಎಲ್ಲಿದ್ದಾನೆ ಅಂತ ಕಾಣದಿದ್ದರೆ ಲಿವರಿನಿಂದ ಕೈ ತೆಗೆ. ಟಾರ್ಪಾಲು ಕಟ್ಟಲು ಬಾಡಿ ಹತ್ತುವ ಹುಡುಗರೂ ಹಾಗೆಯೇ. ಅವರು ಇಳಿದು ದೂರ ಹೋದ ಮೇಲೇ ಮಷಿನ್ ಅಲುಗಾಡಬೇಕು.

ಇನ್ನು ತೂಕ. ಇದನ್ನು ಎರಡು ಸಲ ಓದು.

ಕಣ್ಣು ಮೋಸ ಮಾಡುತ್ತದೆ ಅಳಿಯಾ. ಬಾಡಿ ತುಂಬಿದರೆ ಲೋಡ್ ಆಯಿತು ಅನ್ನುವುದು ಮಣ್ಣು ಹೊಡೆಯುವವರ ಲೆಕ್ಕ. ಸಡಿಲ ಮಣ್ಣು ಒಂದು ಘನ ಮೀಟರಿಗೆ ಸುಮಾರು 1.3 ಟನ್ ತೂಗುತ್ತದೆ, ಅದೇ ಮಣ್ಣು ನೆನೆದರೆ ಇನ್ನೂ ಜಾಸ್ತಿ. ನಮ್ಮ ಕಡೆಯ ಕಬ್ಬಿಣದ ಅದಿರು ಒಡೆದು ರಾಶಿ ಹಾಕಿದ ಮೇಲೂ ಎರಡೂವರೆ ಟನ್ನಿನ ಆಸುಪಾಸು. ನಿನ್ನ ಬಕೆಟ್ ಸುಮಾರು 0.9 ಘನ ಮೀಟರ್. ಅಂದರೆ ಮಣ್ಣಿನಲ್ಲಿ ಒಂದು ಬಕೆಟ್ ಒಂದು ಟನ್ನಿಗೆ ತುಸು ಮೇಲೆ, ಅದಿರಿನಲ್ಲಿ ಎರಡು ಟನ್ನು ದಾಟುತ್ತದೆ. ಹತ್ತು ಚಕ್ರದ ಟಿಪ್ಪರಿಗೆ ಗಾಡಿ, ಲೋಡು ಸೇರಿ ಮೊದಲು 25 ಟನ್ ಮಿತಿ ಇತ್ತು. 2018ರಲ್ಲಿ ಅದನ್ನು ಸುಮಾರು 28ಕ್ಕೆ ಏರಿಸಿದರು. ಗಾಡಿಯ ತೂಕ ಕಳೆದರೆ ಲೋಡಿಗೆ ಉಳಿಯುವುದು 17 ಟನ್ ಸುಮಾರು. ಲೆಕ್ಕ ಹಾಕು. ಮಣ್ಣಾದರೆ ಹದಿಮೂರು ಹದಿನಾಲ್ಕು ಬಕೆಟ್, ಅದಿರಾದರೆ ಏಳು. ಏಳು ಬಕೆಟ್ ಅದಿರು ಹಾಕಿದಾಗ ಬಾಡಿ ಅರ್ಧ ಖಾಲಿ ಕಾಣುತ್ತದೆ. ಆಗಲೇ ಯಾರಾದರೂ ಬಂದು, "ಇನ್ನೂ ಎಷ್ಟು ಜಾಗ ಇದೆ ನೋಡು, ಇನ್ನೆರಡು ಹಾಕು" ಅನ್ನುವುದು.

ನನಗೂ ಒಬ್ಬರು ಹಾಗೆ ಅಂದಿದ್ದರು. ಚೀನಾಕ್ಕೆ ಹೋಗುವ ಅದಿರಿಗೆ ಬೆಲೆ ನೆತ್ತಿಗೇರಿದ್ದ ಕಾಲ. ಹಗಲು ರಾತ್ರಿ ಲೋಡಿಂಗ್, ಸಾಲು ಮುಗಿಯುತ್ತಿರಲಿಲ್ಲ, ರಸ್ತೆ, ಮನೆಯ ಹೆಂಚು, ಬೇಲಿಯ ಗಿಡ, ದನದ ಮೈ ಎಲ್ಲ ಕೆಂಪು. ಬೇಲೆಕೇರಿ ಬಂದರಿಗೆ ಹೋಗುವ ಒಂದು ಗಾಡಿ ಬೆಳಗಿನ ಜಾವ ನನ್ನ ಮಷಿನ್ ಕೆಳಗೆ ಬಂತು. ನಿದ್ದೆಗಣ್ಣು. ಮೊದಲ ಬಕೆಟ್ಟುಗಳೆಲ್ಲ ಎಡಗಡೆಗೇ ಬಿದ್ದವು, ನಾನು ಸರಿಮಾಡಲಿಲ್ಲ. ಮೇಲೆ ನಿಂತವರು ಇನ್ನೆರಡು ಅಂದರು. ಹಾಕಿದೆ. ಆ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಒಂದು ಸಲ ನನ್ನ ಕಡೆ ನೋಡಿದ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅವನದು ಟ್ರಿಪ್ ಲೆಕ್ಕದ ಸಂಬಳ. ಮಾರನೆಯ ದಿನ ಅರೆಬೈಲು ಘಟ್ಟದ ತಿರುವಿನಲ್ಲಿ ಗಾಡಿ ಎಡಕ್ಕೆ ಮಗುಚಿತು. ಜೀವ ಉಳಿಯಿತು, ಒಂದು ಕಾಲು ಹೋಯಿತು. ಬ್ರೇಕ್ ಅಂದರು, ನಿದ್ದೆ ಅಂದರು, ರಸ್ತೆ ಅಂದರು. ಎಡಕ್ಕೆ ಯಾಕೆ ಬಿತ್ತು ಅಂತ ಯಾರೂ ನನ್ನನ್ನು ಕೇಳಲಿಲ್ಲ. ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಆಗುತ್ತಾ ಬಂತು, ಅವನು ಕಿಟಕಿಯಿಂದ ನೋಡಿದ ಆ ನೋಟ ಈಗಲೂ ನನ್ನ ಕಣ್ಣ ಮುಂದೆ ಇದೆ. ನಿನ್ನ ಅತ್ತೆಗೆ ಬಿಟ್ಟರೆ ಇದನ್ನು ಹೇಳುತ್ತಿರುವುದು ನಿನಗೇ ಮೊದಲು.

ಅದಕ್ಕೇ ಹೇಳುವುದು, ಭಾರ ಬಾಡಿಯ ನಡುಮಧ್ಯೆ ಕೂರಬೇಕು. ಎಡಕ್ಕೆ ಬಿದ್ದರೆ ಮುಂದಿನದನ್ನು ಬಲಕ್ಕೆ ಹಾಕಿ ಸಮ ಮಾಡು. ಹಿಂದಕ್ಕೆ ಜಾಸ್ತಿ ಆದರೆ ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಮುಂದಕ್ಕೆ ಜಾಸ್ತಿ ಆದರೆ ಇಳಿಜಾರಿನಲ್ಲಿ ಕಷ್ಟ. ಅಂಚಿನ ಮೇಲೆ ಕಲ್ಲು ಕೂರಿಸಿ ಕಳಿಸಬೇಡ, ಹಿಂದೆ ಬೈಕಿನಲ್ಲಿ ಯಾರದೋ ಸಂಸಾರ ಬರುತ್ತಿರುತ್ತದೆ. ರಾಶಿ ತಟ್ಟಲು ಬಕೆಟ್ಟಿನಿಂದ ಬಾಡಿಗೆ ಗುದ್ದಬೇಡ, ಬಕೆಟ್ ಸುತ್ತಿಗೆ ಅಲ್ಲ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ನಮ್ಮ ಮಷಿನ್ನುಗಳು ತುಕ್ಕು ಹಿಡಿದು ನಿಂತವು. ಹೊಟ್ಟೆಪಾಡಿಗೆ ನಾನು ಗದಗ ಕಡೆ ರಸ್ತೆ ಕೆಲಸಕ್ಕೆ ಹೋದೆ. ಅದಿರು ಕಲಿಸದ ಒಂದು ಪಾಠವನ್ನು ಅಲ್ಲಿನ ಎರೆ ಮಣ್ಣು ಕಲಿಸಿತು. ಮಳೆಗಾಲದಲ್ಲಿ ಎರೆ ಮಣ್ಣು ಬಾಡಿಗೆ ಅಂಟಿಕೊಳ್ಳುತ್ತದೆ. ಸುರಿಯಲು ಬಾಡಿ ಎತ್ತಿದಾಗ ಅರ್ಧ ಜಾರಿ, ಅರ್ಧ ಮೇಲೇ ಒಂದು ಮಗ್ಗುಲಿಗೆ ಕಚ್ಚಿಕೊಂಡು ನಿಂತರೆ ಟಿಪ್ಪರ್ ನಿಂತಲ್ಲೇ ಪಕ್ಕಕ್ಕೆ ಉರುಳುತ್ತದೆ. ಆದ್ದರಿಂದ ತೇವದ ಎರೆ ಮಣ್ಣು ತುಂಬುವ ಮುಂಚೆ ತಳಕ್ಕೆ ಒಂದೆರಡು ಬಕೆಟ್ ಒಣ ಗರಸು ಹಾಸು, ಮಣ್ಣನ್ನು ಎರಡೂ ಮಗ್ಗುಲಿಗೆ ಸಮವಾಗಿ ಹಂಚು. ಸುರಿಯುವ ಜಾಗದಲ್ಲಿ ನೀನು ಇರುವುದಿಲ್ಲ, ನಿನ್ನ ಕೈಕೆಲಸ ಇರುತ್ತದೆ.

ನಮ್ಮ ಊರುಗಳಲ್ಲಿ ಯಾವ ಕಂಪನಿಯ ಎಕ್ಸ್‌ಕವೇಟರ್ ಬಂದರೂ ಜನ "ಹಿಟಾಚಿ" ಅನ್ನುತ್ತಾರೆ, ಹಿಂದೆ ಕೈ, ಮುಂದೆ ಮೊರ ಇದ್ದರೆ "ಜೆಸಿಬಿ". ಹೆಸರು ಏನಾದರೂ ಇರಲಿ, ನಿನ್ನ ಮಷಿನ್ ಎಲ್ಲಿ ಹುಟ್ಟಿತು ಅಂತ ತಿಳಿದುಕೋ. ಧಾರವಾಡದಲ್ಲಿ ಟಾಟಾ ಹಿಟಾಚಿಯ ಕಾರ್ಖಾನೆ ಇದೆ. ಬಿಇಎಂಎಲ್‌ನವರು ಕೆಜಿಎಫ್‌ನಲ್ಲಿ ಎಕ್ಸ್‌ಕವೇಟರ್, ಮೈಸೂರಿನಲ್ಲಿ ಡಂಪರ್ ಮಾಡುತ್ತಾರೆ. ನಿನ್ನ ಹಾಗಿನ ಹುಡುಗರೇ ಅದನ್ನು ಕೂಡಿಸಿದ್ದಾರೆ. ಮಷಿನ್ನಿನ ಪುಸ್ತಕವನ್ನು ಸೀಟಿನ ಹಿಂದೆ ಎಸೆಯದೆ ಓದು, ತಿಳಿಯದ ಕಡೆ ಮೆಕ್ಯಾನಿಕ್ ಅಣ್ಣನನ್ನು ಕೇಳು.

ಕರೆಂಟಿನ ವೈರಿನ ಬಗ್ಗೆ ಒಂದು ಮಾತು, ಇದರಲ್ಲಿ ಎರಡನೇ ಅವಕಾಶ ಇಲ್ಲ. ತಂತಿಯ ಕೆಳಗೆ ಟಿಪ್ಪರ್ ನಿಲ್ಲಿಸಿಕೊಂಡು ತುಂಬಬೇಡ. ಬೂಮ್ ತಗುಲಿಬಿಟ್ಟರೆ ಹೆದರಿ ಇಳಿಯಲು ಹೋಗಬೇಡ, ಕ್ಯಾಬಿನ್ನಿನಲ್ಲೇ ಕೂತು ಯಾರೂ ಹತ್ತಿರ ಬರದಂತೆ ಕೂಗು. ಒಂದು ಕಾಲು ಮಷಿನ್ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟವನೇ ಸಾಯುವುದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಪಾದ ಜೋಡಿಸಿ ದೂರಕ್ಕೆ ಹಾರು, ಮಷಿನ್ ಮುಟ್ಟಬೇಡ, ಪಾದ ಜೋಡಿಸಿಕೊಂಡೇ ಪುಟ್ಟಪುಟ್ಟ ಹೆಜ್ಜೆಯಲ್ಲಿ ದೂರ ಹೋಗು.

ಜಾಸ್ತಿ ಲೋಡ್ ಹಾಕು ಅಂದವರಿಗೆ ಇಲ್ಲ ಅನ್ನುವುದನ್ನು ಕಲಿ. ಇದೇ ಎಲ್ಲಕ್ಕಿಂತ ಕಷ್ಟ. ನೀನು ಹೊಸಬ, ಸೀಟು ಹೋಗುತ್ತದೆ ಅನ್ನುವ ಭಯ ಇರುತ್ತದೆ. ಜಗಳಕ್ಕೆ ಹೋಗಬೇಡ, ದನಿ ಏರಿಸಬೇಡ. "ಸರ್, ಈ ಗಾಡಿ ಕಾಟಾ ಮೇಲೆ ಹಾಯಿಸಿ, ಚೀಟಿ ನೋಡಿ ಇನ್ನೊಂದು ಹಾಕೋಣ" ಅನ್ನು. ಕಾಟಾದ ಚೀಟಿ ನಿನ್ನ ಪರವಾಗಿ ಮಾತಾಡುತ್ತದೆ. ಮೊದಲ ವಾರ ಪ್ರತಿ ಗಾಡಿಯ ಬಕೆಟ್ ಎಣಿಕೆ, ಕಾಟಾ ತೂಕ ಎರಡನ್ನೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡು. ಹತ್ತು ದಿನದಲ್ಲಿ ನಿನ್ನ ಬಕೆಟ್ಟಿನ ತೂಕ ನಿನ್ನ ಕೈಗೇ ಗೊತ್ತಾಗುತ್ತದೆ. ಆಗ ಯಾರು ಬಂದು ಏನು ಹೇಳಿದರೂ ನಿನಗೆ ಅಳುಕು ಇರುವುದಿಲ್ಲ. ಅಷ್ಟರ ಮೇಲೂ ಒತ್ತಾಯ ಮಾಡಿದರೆ ನನಗೆ ಫೋನ್ ಮಾಡು. ಬೇರೆ ಸೀಟು ಹುಡುಕಿಕೊಡುವ ಜವಾಬ್ದಾರಿ ನಿನ್ನ ಮಾವನದು.

ಸೋಮವಾರ ಕೆಲಸಕ್ಕೆ ಹೋದಾಗ ಮೊದಲ ಟಿಪ್ಪರ್ ಬರುವ ಮುಂಚೆ ಇಳಿದು ಸಾಲಿನಲ್ಲಿ ನಿಂತ ಡ್ರೈವರುಗಳ ಹತ್ತಿರ ಹೋಗು. ಯಾವ ಊರಣ್ಣ, ಊಟ ಆಯಿತಾ, ರಾತ್ರಿ ನಿದ್ದೆ ಮಾಡಿದಿರಾ ಅಂತ ಕೇಳು. ಬ್ರೇಕ್ ಹೇಗಿದೆ, ಯಾವ ಟೈರು ಸವೆದಿದೆ ಅಂತ ಅವರೇ ಹೇಳುತ್ತಾರೆ. ಟೈರು ಸವೆದ ಗಾಡಿಗೆ ಅರ್ಧ ಬಕೆಟ್ ಕಡಿಮೆ ಹಾಕು.

ಆಯುಧಪೂಜೆಗೆ ನಾನು ಬರುತ್ತೇನೆ. ಬಕೆಟ್ಟಿಗೆ ವಿಭೂತಿ ಕುಂಕುಮ ಹಚ್ಚಿ, ಚೈನಿನ ಕೆಳಗೆ ನಿಂಬೆಹಣ್ಣು ಇಡೋಣ. ಆ ಘಟ್ಟದಲ್ಲಿ ಕಾಲು ಕಳೆದುಕೊಂಡವನಿಗೂ ಹೇಳಿಕಳಿಸಿದ್ದೇನೆ. ಈಗ ಕೂಡ್ಲಿಗಿ ಹತ್ತಿರ ಚಹಾದಂಗಡಿ ಇಟ್ಟುಕೊಂಡಿದ್ದಾನೆ, ಬರುತ್ತೇನೆ ಅಂದಿದ್ದಾನೆ. ಅವನನ್ನು ನಿನ್ನ ಸೀಟಿನಲ್ಲಿ ಒಂದು ಗಳಿಗೆ ಕೂರಿಸು. ಮೇಲಿನಿಂದ ಟಿಪ್ಪರ್ ಹೇಗೆ ಕಾಣುತ್ತದೆ ಅಂತ ಅವನು ಇದುವರೆಗೂ ನೋಡಿಲ್ಲವಂತೆ.

ನಿನ್ನ ಮಾವ