ಬೀಬರೈಟ್ ಎಂಬ ಅಪೂರ್ವ ಕೋಬಾಲ್ಟ್ ಲವಣ

ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತನ್ನೂ, ಹಿಂದೆ ಮಸಿ ತಯಾರಿಸಲು ಉಪಯೋಗಿಸುತ್ತಿದ್ದ ಅನ್ನಭೇದಿಯನ್ನೂ ವಾಚಕರು ಬಲ್ಲರು. ಮೊದಲನೆಯದು ತಾಮ್ರದ ಸಲ್ಫೇಟು. ಎರಡನೆಯದು ಕಬ್ಬಿಣದ ಸಲ್ಫೇಟು. ಅನ್ನಭೇದಿಯ ವರ್ಗಕ್ಕೇ ಸೇರಿದ, ಆದರೆ ಪ್ರಕೃತಿಯಲ್ಲಿ ಬಹು ವಿರಳವಾದ ಕೋಬಾಲ್ಟ್ ಸಲ್ಫೇಟಿಗೆ ಬೀಬರೈಟ್ ಎಂದು ಹೆಸರು. ಜರ್ಮನಿಯ ಹೆಸ್ಸೆ ಪ್ರಾಂತದ ಬೀಬರ್ ಎಂಬ ಗಣಿಸ್ಥಳವನ್ನು ಅನುಸರಿಸಿ 1845ರಲ್ಲಿ ಹೈಡಿಂಗರ್ ಎಂಬ ಖನಿಜಶಾಸ್ತ್ರಜ್ಞನು ಈ ಹೆಸರನ್ನಿಟ್ಟನು.

ಲಕ್ಷಣಗಳು.— ಇದರ ಬಣ್ಣವು ಗುಲಾಬಿಗೆಂಪು, ಹೊಳಪು ಗಾಜಿನಂತಹುದು. ಕಾಠಿಣ್ಯವು 2 ಆದುದರಿಂದ ಉಗುರಿನಿಂದ ಗೀರಬಹುದು. ನೀರಿನಲ್ಲಿ ಸುಲಭವಾಗಿ ಕರಗುವುದು. ತೂಕದಲ್ಲಿ ನೂರಕ್ಕೆ ಸುಮಾರು 21 ಭಾಗ ಕೋಬಾಲ್ಟೂ 45 ಭಾಗ ನೀರೂ ಇರುವುವು. ಒಣಗಾಳಿಗೆ ಸಿಕ್ಕಿದರೆ ನೀರಿನ ಅಂಶವನ್ನು ಕಳೆದುಕೊಂಡು ಹೊಳಪುಗುಂದಿ ಪುಡಿಯಾಗುವುದು. ಬೀಬರೈಟಿನ ಒಂದು ಅಣುವಿಗೆ ಏಳು ನೀರಿನ ಅಣುಗಳಿದ್ದರೆ, ಆರು ಇರುವ ಖನಿಜವು ಮೂರ್‌ಹೌಸೈಟ್, ನಾಲ್ಕು ಇರುವುದು ಆಪ್ಲೋವೈಟ್. ಇವೆರಡೂ ಕೆನಡದ ನೋವಾ ಸ್ಕೋಷಿಯದ ವಾಲ್ಟನ್ ಗಣಿಯಲ್ಲಿ ದೊರೆತು, 1965ರಲ್ಲಿ ವರ್ಣಿಸಲ್ಪಟ್ಟುವು.

ದೊರೆಯುವ ವಿಧ.— ಕೋಬಾಲ್ಟೂ ಗಂಧಕವೂ ಉಳ್ಳ ಅದಿರುಗಳಿಗೆ ಗಣಿಯೊಳಗೆ ಗಾಳಿಯೂ ತೇವವೂ ತಗುಲಿದಾಗ ಗಂಧಕವು ಆಮ್ಲವಾಗಿ ಮಾರ್ಪಟ್ಟು ಕೋಬಾಲ್ಟನ್ನು ಕರಗಿಸುವುದು. ಆ ನೀರು ಆರಿದಲ್ಲಿ ಗೋಡೆಗಳ ಮೇಲೆ ಹೊಪ್ಪಳಿಕೆಯಾಗಿಯೂ ಇಳಿಬಿದ್ದ ಕಡ್ಡಿಗಳಾಗಿಯೂ ಈ ಲವಣವು ಕಾಣಿಸಿಕೊಳ್ಳುವುದು. ಮಳೆ ಬಿದ್ದೊಡನೆ ಕರಗಿಹೋಗುವುದೇ ಇದರ ವಿರಳತೆಗೆ ಮುಖ್ಯ ಕಾರಣ. ಕೋಬಾಲ್ಟ್ ಗಣಿಗಳಲ್ಲಿ ದೊರೆಯುವ ಎರಿಥ್ರೈಟ್ ಎಂಬ ಕೆಂಪು ಖನಿಜವು ನೀರಿನಲ್ಲಿ ಕರಗದು. ಅದರಲ್ಲಿ ಪಾಷಾಣದ ಅಂಶವಿರುವುದು. ಆದಕಾರಣ ಇಂತಹ ಖನಿಜಗಳನ್ನು ನಾಲಗೆಗಿಟ್ಟು ಪರೀಕ್ಷಿಸಕೂಡದು.

ವ್ಯವಸಾಯಕ್ಕೆ ಸಂಬಂಧ.— ಆಸ್ಟ್ರೇಲಿಯದ ಕೆಲವು ಸೀಮೆಗಳಲ್ಲಿ ಹಸುರು ಹುಲ್ಲು ಸಮೃದ್ಧವಾಗಿದ್ದರೂ ಕುರಿಗಳೂ ದನಗಳೂ ಮೇವು ಬಿಟ್ಟು, ರಕ್ತಹೀನವಾಗಿ, ಸೊರಗಿ ಸಾಯುತ್ತಿದ್ದುವು. ಮಣ್ಣಿನಲ್ಲಿ ಕೋಬಾಲ್ಟಿನ ಕೊರತೆಯೇ ಇದಕ್ಕೆ ಕಾರಣವೆಂದು 1935ರಲ್ಲಿ ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. ಮೆಲಕುಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಕೋಬಾಲ್ಟಿನಿಂದ ಬಿ-12 ಜೀವಸತ್ತ್ವವನ್ನು ತಯಾರಿಸುವುವು. ಈ ಜೀವಸತ್ತ್ವವನ್ನು 1948ರಲ್ಲಿ ಪ್ರತ್ಯೇಕಿಸಲಾಯಿತು. ದ್ವಿದಳಧಾನ್ಯಗಳ ಬೇರುಗಂಟಿನ ಜೀವಾಣುಗಳಿಗೂ ಈ ಧಾತುವು ಅವಶ್ಯ.

ಒಂದು ಕಿಲೋಗ್ರಾಂ ಒಣಮೇವಿನಲ್ಲಿ ಸುಮಾರು 0.1 ಮಿಲಿಗ್ರಾಂ ಕೋಬಾಲ್ಟ್ ಇದ್ದರೆ ಸಾಕು. ಎಂದರೆ, ಈ ಲವಣದ ಒಂದು ಗ್ರಾಮಿನಲ್ಲಿರುವ ಕೋಬಾಲ್ಟು ಎರಡು ಸಾವಿರ ಕಿಲೋಗ್ರಾಂ ಮೇವಿಗೆ ಸಾಲುವುದು. ಅಳತೆ ಮೀರಿದರೆ ಇದು ವಿಷ. ಆದುದರಿಂದ ದನಕರುಗಳು ಸೊರಗಿದಾಗ ರೈತರು ತಾವಾಗಿಯೇ ಇದನ್ನು ಕೊಡದೆ, ಮಣ್ಣನ್ನೂ ಮೇವನ್ನೂ ಪರೀಕ್ಷೆ ಮಾಡಿಸಿ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ, ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ ಲವಣವನ್ನೇ ಉಪಯೋಗಿಸತಕ್ಕದ್ದು.